ಬೂಷ್ಟಮ್ಮನ ಚಳಿಗಾಲ

ಅಕ್ಟೋಬರ್ 14, ಬೆಳಗ್ಗೆ

ಹಾಲು ಕರೆದಾಯಿತು. ಕಪ್ಪು ಹಸು ಮತ್ತೆ ಒದ್ದಿತು, ಈ ಸಲ ಮೊಣಕೈಗೆ. ನೀಲಿಗಟ್ಟಿದೆ. ನನ್ನ ಗಂಡ ತೋರ್ಲೈಫ್ ಟ್ರ್ಯಾಕ್ಟರಿನ ಚಕ್ರಕ್ಕೆ ಚೈನು ಕಟ್ಟುತ್ತಾ ಗೊಣಗುತ್ತಿದ್ದಾನೆ. ಅವನದೂ ತಪ್ಪಿಲ್ಲ. ಅಕ್ಟೋಬರಿನ ನಡುವಿಗೇ ಮೊಣಕಾಲುದ್ದ ಹಿಮ. ನೆಲ ಮಾತ್ರ ಇನ್ನೂ ಹೆಪ್ಪುಗಟ್ಟಿಲ್ಲ. ಸಲಿಕೆ ಹಾಕಿದರೆ ಕೆಳಗೆ ಮೆತ್ತನೆಯ ಮಣ್ಣು, ಎರೆಹುಳು ಸಮೇತ.

ಡಾಗ್ರುನ್ ಆಗಲೇ ಮೇಲಿನ ಹೊಲದಲ್ಲಿದ್ದರು. ಟ್ರೊಮ್ಸೋ ನಗರದಿಂದ ಕತ್ತಲಲ್ಲೇ ಹೊರಟಿರಬೇಕು. ಹಳದಿ ಪ್ಯಾಂಟು, ಹಿಮದ ಮೇಲೆ ಹೊಟ್ಟೆಯಡಿ ಮಲಗಿ ಕೈಯಿಂದ ಬಗೆಯುತ್ತಿದ್ದರು. ಅರವತ್ತು ದಾಟಿದ ಹೆಂಗಸು, ಮೊಣಕಾಲು ಬೇರೆ ನೋವು. ವರ್ಷಗಳಿಂದ ನಮ್ಮ ಹೊಲದ ಆ ತುದಿಯೇ ಅವರ ಪ್ರಯೋಗದ ಜಾಗ. ಹುಲ್ಲಿಗೆ ಬರುವ ಹಿಮದ ಬೂಷ್ಟನ್ನು ಓದುತ್ತಾ ಓದುತ್ತಾ ತಲೆ ಬೆಳ್ಳಗಾಗಿದೆ. ಊರಿನವರು ಹಿಂದಿನಿಂದ ಬೂಷ್ಟಮ್ಮ ಅನ್ನುತ್ತಾರೆ. ಅವರಿಗೂ ಗೊತ್ತು.

ಕಾಫಿ ಒಯ್ದೆ. ಲೋಟ ಮುಟ್ಟಲಿಲ್ಲ, ಒಂದು ಒಣ ಎಲೆ ನನ್ನ ಮುಂದೆ ಹಿಡಿದರು. ಎಲೆಯ ಮೇಲೆ ಸಾಸಿವೆಯಂಥ ಕಾಳು. ಕಾಳಿನಿಂದ ಸೂಜಿಯಷ್ಟು ತೆಳ್ಳಗಿನ, ನಸುಗೆಂಪು ಕಡ್ಡಿಯೊಂದು ನೆಟ್ಟಗೆ ಎದ್ದಿತ್ತು.

"ಬೇಸಿಗೆ ಪೂರ್ತಿ ಬೂಷ್ಟು ಇದರೊಳಗೆ ಮಲ್ಕೊಂಡಿತ್ತು ಸುನ್ನೀವಾ. ನಾವೆಲ್ಲ ಬಾಗಿಲು ಹಾಕ್ಕೊಳ್ಳೋ ಹೊತ್ತಿಗೆ ಇದು ಎದ್ದು ಕೆಲಸಕ್ಕೆ ಹೊರಡ್ತದೆ."

ಶತ್ರುವನ್ನು ತೋರಿಸುವ ಮುಖ ಅಲ್ಲ ಅದು. ಮೊಮ್ಮಗುವಿನ ಫೋಟೋ ತೋರಿಸುವ ಮುಖ. ಅವರ ಕಾಫಿ ನಾನೇ ಕುಡಿದೆ.

ಅಕ್ಟೋಬರ್ 19

ಇನ್ನೂ ಬೀಳುತ್ತಿದೆ. ಡಾಗ್ರುನ್ ಫೋನು ಮಾಡಿದ್ದರು. ಊರಿನ ರೈತರನ್ನು ಸೇರಿಸಲು ಆಗುತ್ತದೆಯೇ ಎಂದು ಕೇಳಿದರು. ನೆಲ ಹೆಪ್ಪುಗಟ್ಟುವ ಮೊದಲೇ ಇಷ್ಟು ಹಿಮ ಹೊದ್ದರೆ ಬೂಷ್ಟು ಇಡೀ ಚಳಿಗಾಲ ತಿನ್ನುತ್ತದೆಯಂತೆ. ವಸಂತದಲ್ಲಿ ಹಿಮ ಕರಗುವಾಗ ಹುಲ್ಲೇ ಇರುವುದಿಲ್ಲ ಎಂದರು. ಹುಲ್ಲಿಲ್ಲದಿದ್ದರೆ ಈ ಕಣಿವೆಯಲ್ಲಿ ಇನ್ನೇನಿದೆ... ಹಸು, ಹುಲ್ಲು, ಹೊಳೆ. ಅಷ್ಟೇ.

ಸೇರಿಸುತ್ತೇನೆ ಎಂದೆ. ತೋರ್ಲೈಫ್ ಹುಬ್ಬು ಏರಿಸಿದ.

ಅಕ್ಟೋಬರ್ 23

ಸಭಾಭವನದಲ್ಲಿ ಮೀಟಿಂಗು. ನಾನೇ ವಾಫಲ್ ಹುಯ್ದೆ, ಕಂದು ಚೀಸು ಕತ್ತರಿಸಿದೆ. ಜನ ಬಂದದ್ದು ಅದಕ್ಕೇ ಇರಬಹುದು. ಇರಲಿ, ಬಂದರಲ್ಲ.

ಡಾಗ್ರುನ್ ಸರಳವಾಗಿ ಹೇಳಿದರು. ದಪ್ಪ ಹಿಮ ಅಂದರೆ ಕಂಬಳಿ. ಕೆಳಗೆ ಕತ್ತಲು, ತೇವ, ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ತಂಪು. ಬೂಷ್ಟಿಗೆ ಮದುವೆ ಊಟ. ಹುಲ್ಲು ಮಾತ್ರ ಬೆಳಕಿಲ್ಲದೆ, ಕೂಡಿಟ್ಟ ಸಕ್ಕರೆ ಕರಗಿಸಿಕೊಳ್ಳುತ್ತಾ ಸೊರಗುತ್ತದೆ. ಇದಕ್ಕೆ ದಾರಿ ಒಂದೇ. ಚಳಿ ಬಿದ್ದ ದಿನ ನೋಡಿ ಹಿಮವನ್ನು ಟ್ರ್ಯಾಕ್ಟರಿನಿಂದ, ಸ್ನೋ ಸ್ಕೂಟರಿನಿಂದ ತುಳಿಸಬೇಕು. ಕಂಬಳಿ ತೆಳುವಾದರೆ ಚಳಿ ನೆಲಕ್ಕೆ ಇಳಿಯುತ್ತದೆ, ನೆಲ ಹೆಪ್ಪುಗಟ್ಟುತ್ತದೆ, ಬೂಷ್ಟಿನ ಕೈ ಕಟ್ಟುತ್ತದೆ.

ಹಿಂದಿನ ಬೆಂಚಿನಿಂದ ಹಾಲ್ವೋರ್ ಎದ್ದ. ನಮ್ಮ ಪಕ್ಕದ ಹೊಲದವನು, ತೋರ್ಲೈಫ್‌ನ ಜೊತೆ ಓದಿದವನು. ಮದುವೆಯಾಗದೆ ಹಸುಗಳ ಜೊತೆಗೇ ಉಳಿದವನು.

"ಅಲ್ಲ ಮೇಡಂ, ಚಳಿ ಆಗ್ಬಾರ್ದು ಅಂತ ದೇವರು ಹುಲ್ಲಿಗೆ ಕಂಬಳಿ ಹೊದಿಸಿದ್ದಾನೆ. ನೀವು ಅದನ್ನ ಕಿತ್ಕೊಳ್ಳಿ ಅಂತೀರಲ್ಲ?"

"ಕಂಬಳಿ ಒಳಗೆ ಇನ್ನೊಬ್ಬ ಮಲಗಿದ್ದಾನಲ್ಲಪ್ಪ, ಅದೇ ತೊಂದರೆ," ಎಂದರು ಡಾಗ್ರುನ್.

ಇಡೀ ಭವನ ನಕ್ಕಿತು. ಹಾಲ್ವೋರನ ಕಿವಿ ಕೆಂಪಾಯಿತು. ಅವನೂ ನಕ್ಕ.

ಖಾತ್ರಿ ಇದೆಯಾ ಎಂದು ಯಾರೋ ಕೇಳಿದರು. ಹವಾಮಾನದ ಪರವಾಗಿ ಮಾತು ಕೊಡಲು ತಮಗೆ ಆಗದು, ಆದರೆ ಸ್ವಂತ ಹೊಲವಾಗಿದ್ದರೆ ತುಳಿಸುತ್ತಿದ್ದೆ ಎಂದರು. ಆಮೇಲೆ ನಾನೂ ಎದ್ದು ನಿಂತೆ. ನಾವು ತುಳಿಸುತ್ತೇವೆ ಎಂದೆ. ತೋರ್ಲೈಫ್‌ನನ್ನು ಕೇಳಿರಲಿಲ್ಲ. ಬರುವಾಗ ಕಾರಿನಲ್ಲಿ ರೇಡಿಯೋ ಜೋರಾಗಿ ಹಾಕಿಕೊಂಡ.

ನವೆಂಬರ್ 2

ಹಾಲ್ವೋರ್ ಅಡುಗೆಮನೆಗೆ ಬಂದು ಟೋಪಿ ತೆಗೆಯದೆ ಕೂತ. ಅಂದರೆ ಕೇಳುವುದು ಏನೋ ಇದೆ. ಒಂದು ಲೋಟ ಕಾಫಿ ಮುಗಿಸಿ, ಇನ್ನೊಂದು ಹಾಕಿಸಿಕೊಂಡು, ಕೊನೆಗೆ ಕೇಳಿದ.

"ಆ ಬೂಷ್ಟಮ್ಮನ್ನ ನೀನು ನಂಬ್ತೀಯಾ?"

ನಂಬುತ್ತೇನೆ ಎಂದೆ. ಹಾಗಾದರೆ ನಾನೂ ತುಳಿಸುತ್ತೇನೆ, ಅರ್ಧಂಬರ್ಧ ಕೆಲಸ ನನಗೆ ಆಗಿಬರುವುದಿಲ್ಲ, ಇದ್ದದ್ದೆಲ್ಲ ತುಳಿಸುತ್ತೇನೆ ಎಂದ. ಹೆಮ್ಮೆಯಾಯಿತು. ನನ್ನ ಒಂದು ಮಾತಿಗೆ ಅಷ್ಟು ತೂಕ.

ನಮ್ಮಲ್ಲೇ ಜಗಳ. ಮೇಲಿನ ಹೊಲ ತುಳಿಸೋಣ, ಹೊಳೆ ಬದಿಯದನ್ನು ಮುಟ್ಟುವುದಿಲ್ಲ ಎಂದು ತೋರ್ಲೈಫ್ ಹಟ ಹಿಡಿದ. ಕಾರಣ ಕೇಳಿದರೆ, ಅಲ್ಲಿ ಇಳಿಜಾರು, ಟ್ರ್ಯಾಕ್ಟರ್ ಜಾರುತ್ತದೆ ಅಂತ. ಸುಳ್ಳು ನೆಪ. ಬಿಟ್ಟುಕೊಟ್ಟೆ. ಮೊದಲ ಸಲ ಕೇಳದೆ ಮಾತು ಕೊಟ್ಟವಳು ನಾನೇ ತಾನೇ.

ನವೆಂಬರ್ 17

ಕೊನೆಗೂ ಚಳಿ. ಮೂಗಿನೊಳಗೆ ಕೂದಲು ಗರಿಗರಿ ಆಗುವಂಥ ಚಳಿ. ವಾರವಿಡೀ ತುಳಿಸಿದೆವು. ಹಗಲು ಅನ್ನುವುದು ಎರಡು ಮೂರು ಗಂಟೆ ನೀಲಿ ಬೆಳಕು, ಉಳಿದದ್ದು ಟ್ರ್ಯಾಕ್ಟರಿನ ದೀಪದಲ್ಲಿ. ಬೇಲಿಯಾಚೆ ಹಾಲ್ವೋರನ ದೀಪವೂ ಹಿಂದೆ ಮುಂದೆ, ಹಿಂದೆ ಮುಂದೆ. ಎದುರಾದಾಗಲೆಲ್ಲ ಹಾರ್ನ್ ಹೊಡೆಯುತ್ತಾನೆ, ಬಸ್ ಡ್ರೈವರ್ ಹಾಗೆ.

ಇವತ್ತು ಗಡಾರಿಯಿಂದ ಕುಟ್ಟಿ ನೋಡಿದೆ. ಠಣ್ ಎಂದಿತು. ನೆಲ ಕಲ್ಲಾಗಿದೆ. ಡಾಗ್ರುನ್‌ಗೆ ಫೋನಿನಲ್ಲೇ ಆ ಸದ್ದು ಕೇಳಿಸಿದೆ. ಇನ್ನೊಂದು ಸಲ ಕುಟ್ಟು ಎಂದರು.

ಡಿಸೆಂಬರ್ 6

ಟ್ರೊಮ್ಸೋಕ್ಕೆ ಹಲ್ಲಿನ ಡಾಕ್ಟರ ಹತ್ತಿರ ಹೋದವಳು ಡಾಗ್ರುನ್‌ರ ಲ್ಯಾಬಿಗೂ ಹೋದೆ. ತಂಪು ಕೋಣೆ, ಎದೆಮಟ್ಟದ ಕಪಾಟುಗಳು, ಅದರ ತುಂಬ ಗಾಜಿನ ತಟ್ಟೆಗಳು. ಪ್ರತಿ ತಟ್ಟೆಯಲ್ಲೂ ಬಿಳಿ ನೂಲು ಹಬ್ಬಿತ್ತು. ಒಂದೊಂದು ಒಂದೊಂದು ಬಗೆ. ಒಂದು ಬೀಸಣಿಗೆಯಂತೆ, ಇನ್ನೊಂದು ಕಿಟಕಿ ಗಾಜಿನ ಮೇಲೆ ಹಿಮ ಕಟ್ಟಿದಂತೆ. ಸೊನ್ನೆ ಡಿಗ್ರಿಯಲ್ಲಿ ಇವು ಬೆಳೆಯುತ್ತವೆ, ಅದಕ್ಕಿಂತ ಕೆಳಗೂ. ಹೆಪ್ಪುಗಟ್ಟದಿರಲು ತಮಗೆ ಬೇಕಾದ ರಸವನ್ನು ತಾವೇ ಮಾಡಿಕೊಳ್ಳುತ್ತವಂತೆ. ಬೆಚ್ಚಗಿನ ಕೋಣೆಗೆ ತಂದರೆ ಸಾಯುತ್ತವೆ.

ಇದನ್ನೇ ಯಾಕೆ ಹಿಡಿದುಕೊಂಡಿರಿ ಎಂದು ಕೇಳಿದೆ. ಇಷ್ಟು ವರ್ಷ ಕೇಳಿರಲಿಲ್ಲ. ಇನ್ನೂ ಉತ್ತರದ ಫಿನ್ಮಾರ್ಕಿನಲ್ಲಿ ಅವರಪ್ಪನ ಹೊಲವಿತ್ತಂತೆ. ಒಂದು ವಸಂತದಲ್ಲಿ ಹಿಮ ಕರಗಿದಾಗ ಹುಲ್ಲೆಲ್ಲ ಒದ್ದೆ ಪೇಪರಿನ ಹಾಗೆ ನೆಲಕ್ಕೆ ಅಂಟಿತ್ತು. ಹಸು ಮಾರಿ ಮೀನಿನ ಫ್ಯಾಕ್ಟರಿಗೆ ಸೇರಿದ ಅಪ್ಪ, ಹುಲ್ಲಿಗೆ ಅದೇನು ಬಂತು ಎಂದು ಯಾವತ್ತೂ ಕೇಳಲಿಲ್ಲ.

"ನಮ್ಮನೆ ಮುಳುಗಿಸಿದ್ದು ಯಾರು ಅಂತ ಮುಖ ನೋಡೋಣ ಅಂತ ಶುರು ಮಾಡಿದೆ. ನೋಡ್ತಾ ನೋಡ್ತಾ... ಇಷ್ಟ ಆಗ್ಬಿಡ್ತು. ಅಪ್ಪನಿಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಹಲ್ಲು ನೋವು ಮರೆತೇಹೋಗಿತ್ತು.

ಜನವರಿ 11

ಮಳೆ.

ಜನವರಿಯಲ್ಲಿ ಮಳೆ. ಬೆಚ್ಚನೆಯ ಗಾಳಿ, ಸೂರಿನಿಂದ ಧಾರೆ. ನಿನ್ನೆಯಿಂದ ನಿಂತಿಲ್ಲ. ಅಂಗಳದಲ್ಲಿ ಕೈಗವಸಿಲ್ಲದೆ ನಡೆಯಬಹುದು. ಚೆನ್ನಾಗಿಲ್ಲ ಇದು.

ಜನವರಿ 13

ಮಳೆ ನಿಂತಿತು. ಸಂಜೆಗೆ ಚಳಿ ಮರಳಿತು, ಮೊದಲಿಗಿಂತ ಜೋರಾಗಿ. ಮೇಲಿನ ಹೊಲಕ್ಕೆ ಹೋದವಳು ಅಂಚಿನಲ್ಲೇ ಜಾರಿಬಿದ್ದೆ. ಹೊಲ ಇಡೀ ಗಾಜು. ನೆಲ ಕಲ್ಲಾಗಿದ್ದರಿಂದ ನೀರು ಇಂಗಲು ದಾರಿ ಸಿಗಲಿಲ್ಲ. ತುಳಿದ ಹಿಮವೂ ನೀರೂ ಸೇರಿ ಒಂದೇ ಹಲಗೆ. ಟಾರ್ಚು ಹಾಕಿದರೆ ಒಳಗೆ ಹುಲ್ಲು ಕಾಣುತ್ತದೆ. ಹಸಿರಾಗಿ, ಉಸಿರು ಬಿಗಿಹಿಡಿದಂತೆ.

ಹೊಳೆ ಬದಿಯಲ್ಲಿ, ತುಳಿಸದೆ ಬಿಟ್ಟಲ್ಲಿ, ಮೆತ್ತನೆಯ ನೆಲ ನೀರನ್ನೆಲ್ಲ ಕುಡಿದಿದೆ. ಮೇಲೆ ಬರೀ ಹಿಮ.

ಹಾಲ್ವೋರನ ಹೊಲದ ಕಡೆ ನೋಡಲಿಲ್ಲ.

ಜನವರಿ 20

ಡಾಗ್ರುನ್ ಬಂದರು. ಐಸು ಕೊರೆದರು, ಬೆರಳು ಇಳಿಸಿದರು, ಮೂಸಿದರು. ಇವತ್ತೇ ಸೂರ್ಯ ಗುಡ್ಡದ ನೆತ್ತಿಯ ಮೇಲೆ ಇಣುಕಿದ್ದು, ಎರಡು ತಿಂಗಳ ಮೇಲೆ. ಪ್ರತಿ ವರ್ಷ ಬಿಸಿಲು ಕಂಡ ದಿನ ಬನ್ನು ಮಾಡುತ್ತೇನೆ. ಈ ಸಲ ಹಿಟ್ಟು ಕಲೆಸಿಟ್ಟದ್ದು ಹಾಗೇ ಇದೆ.

ಐಸಿನಡಿ ಗಾಳಿ ಆಡುವುದಿಲ್ಲ. ಹುಲ್ಲು ತನ್ನ ಉಸಿರಿಗೆ ತಾನೇ ಸಿಕ್ಕಿಕೊಳ್ಳುತ್ತದೆ. ಕೆಲವು ವಾರ ತಡೆಯುತ್ತದೆ, ಬೇಗ ಕರಗಿದರೆ ಬದುಕಬಹುದು ಎಂದರು. ಕರಗುತ್ತದಾ ಎಂದು ಕೇಳಿದೆ. ಜನವರಿಯಲ್ಲಿ ಅಂಥ ಪ್ರಶ್ನೆ ಕೇಳಬಾರದಿತ್ತು. ನನ್ನ ಭುಜ ಮುಟ್ಟಿ ಕಾರಿನತ್ತ ನಡೆದರು.

ಮಾರ್ಚ್ 28

ಒಲೆಯ ಬೂದಿ, ರಸ್ತೆಯ ಮರಳು ಎಲ್ಲ ಐಸಿನ ಮೇಲೆ ಎರಚಿದೆವು. ಕಪ್ಪಾದರೆ ಬಿಸಿಲು ಹಿಡಿಯುತ್ತದಂತೆ. ಎರಡು ದಿನ ಬಿಸಿಲು ಹಿಡಿಯಿತು ಕೂಡ. ಮೂರನೇ ದಿನ ಹೊಸ ಹಿಮ ಬಿದ್ದು ಎಲ್ಲ ಬೆಳ್ಳಗೆ. ಹಾಲ್ವೋರ್ ತನ್ನ ಹೊಲದಲ್ಲಿ ಒಬ್ಬನೇ ಬಕೆಟ್ಟು ಹಿಡಿದು ನಡೆಯುತ್ತಿದ್ದ. ಕೈ ಬೀಸಿದೆ. ಕಂಡಿರಲಿಕ್ಕಿಲ್ಲ.

ಮೇ 3

ವಾಸನೆ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ. ಹುಳಿಹಿಡಿದ ಬೆಣ್ಣೆಯಂಥ ಘಾಟು, ಮೇಲಿನ ಹೊಲದಿಂದ. ಐಸು ಕರಗಿದೆ. ಕೆಳಗೆ ಇರುವುದು ಕಂದು ಬಣ್ಣದ ಚಾಪೆ. ಒಂದು ಹಿಡಿ ಎಳೆದೆ, ಬೇರುಸಮೇತ ಬಂತು, ತಡೆಯೇ ಇಲ್ಲ. ಬುಡದ ಗಂಟು ಹಿಚುಕಿದರೆ ನೀರು.

ನಮ್ಮದು ಅರ್ಧ ಹೋಯಿತು. ಹಾಲ್ವೋರನದು ಎಲ್ಲ. ಇದ್ದದ್ದೆಲ್ಲ ತುಳಿಸಿದ್ದನಲ್ಲ.

ತೋರ್ಲೈಫ್ ಹೊಲದ ಅಂಚಿನಲ್ಲಿ ಬಹಳ ಹೊತ್ತು ನಿಂತಿದ್ದ. ನಾನು ಹೇಳಿರಲಿಲ್ಲವಾ ಎಂಬ ಮಾತಿಗೆ ಕಾದೆ. ಬರಲಿಲ್ಲ. ಕೊನೆಗೆ ನಾನೇ ಕೆದಕಿದೆ. ಹೊಳೆ ಬದಿ ಬಿಟ್ಟದ್ದು ಬುದ್ಧಿವಂತಿಕೆಯಿಂದ ಅಲ್ಲ, ಬರೀ ಸೋಮಾರಿತನದಿಂದ ಎಂದ. ಇಷ್ಟು ವರ್ಷ ಸಂಸಾರ ಮಾಡಿ ಈ ಮನುಷ್ಯನನ್ನು ಇವತ್ತೇ ಸರಿಯಾಗಿ ನೋಡಿದೆ.

ಮೇ 5

ಡಾಗ್ರುನ್ ಬಂದು ಎರಡೂ ಹೊಲ ನೋಡಿದರು. ಆಮೇಲೆ, ಹಾಲ್ವೋರನ ಮನೆಗೆ ಹೋಗೋಣ ಎಂದರು. ಬೇಡ, ಸ್ವಲ್ಪ ದಿನ ಹೋಗಲಿ ಎಂದೆ. ಆಗಲೇ ಕಾರಿನಲ್ಲಿ ಕೂತಿದ್ದರು.

ಅಡುಗೆಮನೆಯಲ್ಲಿ ಹಾಲ್ವೋರ್ ಕಾಫಿ ಕುದಿಸುತ್ತಿದ್ದ. ಕೂರಿ ಎನ್ನಲಿಲ್ಲ. ಡಾಗ್ರುನ್ ನಿಂತೇ ಹೇಳಿದರು.

"ನಾನು ಹೇಳಿದ್ದು ತಪ್ಪಾಯ್ತು. ನನ್ನ ಮಾತು ನಂಬಿ ನಿನ್ನ ಹೊಲ ಹೋಯ್ತು. ಸುನ್ನೀವಾದು ಇದ್ರಲ್ಲಿ ಏನೂ ಇಲ್ಲ, ಹೇಳಿದವಳು ನಾನು."

ಮಳೆ ಬಂದದ್ದು ಎನ್ನಲಿಲ್ಲ. ಖಾತ್ರಿ ಕೊಟ್ಟಿರಲಿಲ್ಲ ಎನ್ನಲಿಲ್ಲ. ಎರಡೂ ನಿಜವೇ ಆಗಿದ್ದವು.

ಹಾಲ್ವೋರ್ ಒಲೆ ಆರಿಸಿ ತಿರುಗಿದ.

"ತುಳಿಸದೆ ಬಿಟ್ಟಿದ್ರೆ, ಆ ನಿಮ್ಮ ಬೂಷ್ಟು ಎಷ್ಟು ಉಳಿಸ್ತಿತ್ತು?"

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿಬಿಡಲಿ ಎಂದುಕೊಂಡೆ.

"ಅರ್ಧ. ಅರ್ಧಕ್ಕಿಂತ ಜಾಸ್ತೀನೇ ಇರಬಹುದು."

"ಅದೇ ನಿಮಗಿಂತ ದಯಾಳು ಆಯ್ತಲ್ಲ ಹಂಗಾದ್ರೆ."

"ಹೌದು," ಎಂದರು.

ಕಾಫಿ ಯಾರಿಗೂ ಹಾಕಲಿಲ್ಲ. ವಾಪಸು ಬರುವಾಗ ದಾರಿಯಲ್ಲಿ ಕಾರು ನಿಲ್ಲಿಸು ಎಂದರು. ಇಳಿದು ಹೊಳೆಯ ಕಡೆ ಮುಖ ಮಾಡಿ ನಿಂತರು. ನಾನು ಒಳಗೇ ಕೂತೆ. ಮರಳಿ ಬಂದು ಸೀಟ್ ಬೆಲ್ಟ್ ಹಾಕಿಕೊಂಡು, ಹೊಳೆ ಬದಿಯ ಹೊಲವನ್ನು ಉಳುವುದು ಬೇಡ, ತಿಂಗಳ ಕೊನೆಯವರೆಗೆ ಕಾದು ನೋಡು ಎಂದರು. ಧ್ವನಿ ಎಂದಿನಂತೆಯೇ.

ಇಂಥ ಮನುಷ್ಯರನ್ನು ನಾನು ಹೆಚ್ಚು ಕಂಡಿಲ್ಲ.

ಮೇ 9

ಹಾಲ್ವೋರ್ ತನ್ನ ಪಡ್ಡೆ ಹಸುಗಳನ್ನು ದಕ್ಷಿಣದ ಕಣಿವೆಗೆ ಕಳಿಸಿದ. ಅಲ್ಲಿ ಯಾರೋ ಬೇಸಿಗೆಗೆ ಮೇಯಿಸಿಕೊಡುತ್ತಾರಂತೆ. ಲಾರಿಗೆ ಹತ್ತಿಸಲು ತೋರ್ಲೈಫ್ ಹೋಗಿದ್ದ. ನಾನು ಹೋಗಲಿಲ್ಲ. ಕಿಟಕಿಯಿಂದ ಅವುಗಳ ಕೂಗು ಕೇಳಿಸುತ್ತಿತ್ತು.

ಮೇ 24

ಹೊಳೆ ಬದಿ. ಹಿಮ ಕರಗಿದಾಗ ಇಲ್ಲೂ ಎಲ್ಲ ಸತ್ತಂತೆಯೇ ಇತ್ತು. ಎಲೆಗಳು ಬೂದು ಬಣ್ಣದ ಒದ್ದೆ ಕಾಗದ, ಒಂದರ ಮೇಲೊಂದು ಅಂಟಿ. ಕೆಲವು ಕಡೆ ಅಂಚು ನಸುಗೆಂಪು. ಎಲ್ಲೆಲ್ಲೂ ಆ ಸಾಸಿವೆ ಕಾಳುಗಳು, ಬಿತ್ತಿದ ಹಾಗೆ.

ಡಾಗ್ರುನ್ ಕುಂಟೆಯಿಂದ ಮೆಲ್ಲಗೆ ಕೆರೆದರು, ಗಾಯದ ಪಟ್ಟಿ ಬಿಚ್ಚಿದ ಹಾಗೆ. ಒಂದು ಬುಡದ ಗಂಟು ಕಿತ್ತು ನನ್ನ ಕೈಗಿಟ್ಟರು. ಹಿಚುಕಿದೆ. ಗಟ್ಟಿ. ಉಗುರಿನಿಂದ ಸೀಳಿದೆ. ಒಳಗೆ ಬೆಳ್ಳಗೆ, ಬೆಳ್ಳುಳ್ಳಿ ಎಸಳಿನ ಹಾಗೆ. ಪಕ್ಕದಲ್ಲಿ ಸೂಜಿಮೊನೆಯಷ್ಟು ಹಸಿರು.

ಒಂದಲ್ಲ. ಕೆರೆದಲ್ಲೆಲ್ಲ. ಕೆಲವು ಸತ್ತಿವೆ, ಹೆಚ್ಚಿನವು ಬದುಕಿವೆ.

"ಇಡೀ ಚಳಿಗಾಲ ಕತ್ತಲಲ್ಲಿ ತಿಂದಿದೆ. ಎಲೆ ಮುಗಿಸಿದೆ, ಬುಡದ ಬಾಗಿಲಿಗೆ ಬಂದು ನಿಂತಿದೆ. ಹೊತ್ತು ಸಾಲ್ಲಿಲ್ವೋ, ಈ ಹುಲ್ಲು ಒಳಗೆ ಬಿಡ್ಲಿಲ್ವೋ, ನಂಗೆ ಹೇಳೋಕೆ ಬರಲ್ಲ."

ತಮ್ಮ ಸಲಹೆ ತಪ್ಪು ಎಂಬುದಕ್ಕೆ ಆ ಹೊಲದ ಒಂದೊಂದು ಹಸಿರು ಮೊಳಕೆಯೂ ಸಾಕ್ಷಿ. ಅವರ ಮುಖದಲ್ಲಿ ಸಂತೋಷ ಬಿಟ್ಟರೆ ಬೇರೇನೂ ಇರಲಿಲ್ಲ. ಇಬ್ಬರೂ ಮಧ್ಯಾಹ್ನದವರೆಗೆ ಮೊಣಕಾಲೂರಿ ಕೆರೆದೆವು. ಹುಲ್ಲಿನ ಮೇಲೆ ನನಗೆ ಗೌರವ ಯಾವಾಗಲೂ ಇತ್ತು. ಬೂಷ್ಟಿನ ಮೇಲೂ ಇವತ್ತು ಬಂತು. ಬೆಳಕಿಲ್ಲದೆ, ಬಿಸಿಯಿಲ್ಲದೆ, ಯಾರ ಕಣ್ಣಿಗೂ ಬೀಳದೆ ಎಷ್ಟೊಂದು ದುಡಿದಿದೆ.

ಜೂನ್ 4

ಬೆಳಗ್ಗೆ ಹಾಲ್ವೋರನ ಹೊಲದಲ್ಲಿ ಹಳದಿ ಪ್ಯಾಂಟು. ಕಣ್ಣುಜ್ಜಿಕೊಂಡೆ. ಅವರೇ. ಬೇಸಿಗೆ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಬಂದಿದ್ದಾರೆ, ಕಾರಿನ ಹಿಂದೆ ಟ್ರೇಲರು, ಅದರಲ್ಲಿ ತಿಮೋತಿ ಹುಲ್ಲಿನ ಬೀಜದ ಮೂಟೆ. ಉತ್ತರದಲ್ಲೇ ಬೆಳೆದು ಬಂದ ಹಳೆಯ ತಳಿ, ಲಗುಬಗೆಯಿಂದ ಮೇಲೇಳುವುದಿಲ್ಲ, ಸುಲಭಕ್ಕೆ ಸಾಯುವುದೂ ಇಲ್ಲವಂತೆ. ಹಾಲ್ವೋರ್ ಬಾಗಿಲು ತೆಗೆಯಲಿಲ್ಲ. ಅವರು ತಟ್ಟಿದ್ದು ಒಂದೇ ಸಲ. ಆಮೇಲೆ ಕುಂಟೆ ಹಿಡಿದು ಸತ್ತ ಹುಲ್ಲು ಕೆರೆಯತೊಡಗಿದರು, ಅಷ್ಟು ದೊಡ್ಡ ಹೊಲವನ್ನು, ಒಂದು ಮೂಲೆಯಿಂದ.

ಸಂಜೆ ಊಟಕ್ಕೆ ಕರೆದೆ. ಬೇಯಿಸಿದ ಕಾಡ್ ಮೀನು, ಆಲೂಗಡ್ಡೆ. ಮುಳ್ಳು ಬಿಡಿಸುತ್ತಲೇ ಅವರ ಕಣ್ಣು ಮುಚ್ಚುತ್ತಿತ್ತು. ನಾಳೆಯೂ ಹೋಗುತ್ತೀರಾ ಎಂದು ತೋರ್ಲೈಫ್ ಕೇಳಿದ. ಮತ್ತೇನು ಮಾಡಲಿ ಎಂದರು.

ಜೂನ್ 6

ಎರಡನೇ ದಿನದ ಮಧ್ಯಾಹ್ನ ಹಾಲ್ವೋರ್ ಹೊರಗೆ ಬಂದನಂತೆ. ಬೇಲಿಗೆ ಒರಗಿ ಅರ್ಧ ಗಂಟೆ ನೋಡಿದನಂತೆ. ಆಮೇಲೆ ಅವನು ಹೇಳಿದ್ದನ್ನು ಡಾಗ್ರುನ್ ಅವನ ಧ್ವನಿಯಲ್ಲೇ ಹೇಳಿ ತೋರಿಸಿದರು.

"ಹಿಂಗೆ ಕೆರೆದ್ರೆ ಕ್ರಿಸ್‌ಮಸ್‌ಗೂ ಮುಗಿಯಲ್ಲ. ಸರೀರಿ ಆ ಕಡೆ."

ಟ್ರ್ಯಾಕ್ಟರ್ ತೆಗೆದ. ಈಗ ಸೂರ್ಯ ಮುಳುಗುವುದೇ ಇಲ್ಲ, ಇಬ್ಬರಿಗೂ ನಿಲ್ಲಿಸುವುದು ಯಾವಾಗ ಎಂದು ಗೊತ್ತಿಲ್ಲ. ಹಳೆಯ ಉಗ್ರಾಣದ ಮೇಲಿನ ಕೋಣೆ ಅವರಿಗೆ ಬಿಟ್ಟುಕೊಟ್ಟಿದ್ದಾನೆ. ಸೊಳ್ಳೆಪರದೆ ಸಮೇತ. ಊರಿನ ಅಂಗಡಿಯಲ್ಲಿ ಆಗಲೇ ಗುಸುಗುಸು. ಬ್ರೆಡ್ಡು ತರಲು ಹೋದವಳನ್ನು ಮೂರು ಜನ ಕೇಳಿದರು. ಬಿತ್ತನೆ ನಡೀತಿದೆ, ಹುಲ್ಲಿನದ್ದು, ಎಂದೆ. ನಗು ತಡೆಯಲಾಗಲಿಲ್ಲ.

ನನ್ನ ಜೊತೆ ಮಾತ್ರ ಹಾಲ್ವೋರ್ ಇನ್ನೂ ಮಾತಾಡಿಲ್ಲ.

ಜುಲೈ 12

ಹೊಳೆ ಬದಿಯ ಹುಲ್ಲು ಕತ್ತರಿಸಿದೆವು. ತೆಳ್ಳಗಿದೆ, ಆದರೆ ಇದೆ. ಬಿಳಿ ಪ್ಲಾಸ್ಟಿಕ್ ಸುತ್ತಿದ ಹುಲ್ಲಿನ ಉಂಡೆಗಳು ಹೊಲದಲ್ಲಿ ಸಾಲಾಗಿ ಕೂತಿವೆ. ನಮಗೆ ಸಾಲುವುದಿಲ್ಲ. ಆದರೂ ಒಂದಷ್ಟನ್ನು ಹಾಲ್ವೋರನ ಕೊಟ್ಟಿಗೆಯ ಮುಂದೆ ಇಳಿಸಿ ಬರೋಣ ಎಂದು ತೋರ್ಲೈಫ್ ಹೇಳಿದ. ನಾನೇ ಟ್ರ್ಯಾಕ್ಟರ್ ಓಡಿಸಿಕೊಂಡು ಹೋದೆ.

ಹಾಲ್ವೋರ್ ಅಂಗಳದಲ್ಲಿದ್ದ. ಉಂಡೆಗಳನ್ನು ನೋಡಿದ, ನನ್ನನ್ನು ನೋಡಿದ. ಬಾಯಿಪಾಠ ಮಾಡಿಕೊಂಡು ಹೋದದ್ದೆಲ್ಲ ಮರೆತಿತ್ತು. ನಾನು ನಂಬು ಅಂದಿದ್ದಕ್ಕೇ ತಾನೇ ನೀನು, ಎಂದು ಶುರು ಮಾಡಿದೆ. ಮುಗಿಸಲು ಬಿಡಲಿಲ್ಲ.

"ನೋಡು ಸುನ್ನೀವಾ. ನೀನು ನಂಬ್ತೀನಿ ಅಂದೆ, ಅಷ್ಟೇ. ಎಲ್ಲಾನೂ ತುಳಿಸು ಅಂತ ನೀನೂ ಹೇಳ್ಲಿಲ್ಲ, ಅವಳೂ ಹೇಳ್ಲಿಲ್ಲ. ಜಂಬ ನಂದು."

ಅವಳು ಎಂದ. ಮೇಡಂ ಹೋಗಿ ಅವಳಾಗಿದ್ದಾರೆ. ಒಳಗಿನಿಂದ ಡಾಗ್ರುನ್, ಕಾಫಿ ಆರುತ್ತಿದೆ ಎಂದು ಕೂಗಿದರು. ಕೂತು ಕುಡಿದೆ. ಎರಡು ಲೋಟ. ಕೆಟ್ಟ ಕಾಫಿ. ಇಷ್ಟು ರುಚಿಯಾದದ್ದು ಕುಡಿದು ಬಹಳ ದಿನವಾಗಿತ್ತು.

ಸೆಪ್ಟೆಂಬರ್ 8

ಹಾಲ್ವೋರನ ಹೊಲ ಹಸಿರು. ದೂರದಿಂದ ನೋಡಿದರೆ ತುಂಬಿದ ಹಾಗೇ ಕಾಣುತ್ತದೆ, ಹತ್ತಿರ ಹೋದರೆ ನಡುನಡುವೆ ಮಣ್ಣು. ಎಳೆ ಹುಲ್ಲು, ಈ ವರ್ಷ ಕತ್ತರಿಸಬಾರದು, ಸಕ್ಕರೆ ಕೂಡಿಟ್ಟುಕೊಳ್ಳಲಿ ಎಂದು ಡಾಗ್ರುನ್ ಹೇಳಿಹೋಗಿದ್ದಾರೆ. ಅವನು ಬೆಳಗ್ಗೆ ಸಂಜೆ ಅಂಚಿನಲ್ಲಿ ಕಾವಲು. ನಮ್ಮ ಕರು ಒಂದು ನುಗ್ಗಿದ್ದಕ್ಕೆ ತೋರ್ಲೈಫ್‌ಗೆ ಫೋನಿನಲ್ಲಿ ಬೈಗುಳದ ಸುರಿಮಳೆ.

ಪಡ್ಡೆಗಳು ಮುಂದಿನ ವಾರ ಮರಳುತ್ತವೆ. ಎಲ್ಲವೂ ಅಲ್ಲ. ಮೇವು ಸಾಲದೆಂದು ಎರಡನ್ನು ಅಲ್ಲಿಯೇ ಬಿಟ್ಟುಬಿಡುತ್ತಾನಂತೆ. ಅದನ್ನು ಹೇಳುವಾಗ ಬೇರೆ ಕಡೆ ನೋಡುತ್ತಿದ್ದ. ಹಾಳಾದದ್ದೆಲ್ಲ ಸರಿಹೋಗಿಲ್ಲ, ಹೋಗುವುದೂ ಇಲ್ಲ.

ಡಾಗ್ರುನ್ ತಮ್ಮ ಸಂಸ್ಥೆಯ ಸಭೆಯಲ್ಲಿ ಈ ಚಳಿಗಾಲದ ಕಥೆ ಹೇಳಿದರಂತೆ. ತಮ್ಮ ಸಲಹೆ ಎಲ್ಲಿ ಎಡವಿತು ಎಂಬುದರಿಂದಲೇ ಶುರುಮಾಡಿ. ಅವರಿಗಿಂತ ಕಿರಿಯರೊಬ್ಬರು, ಅಷ್ಟೆಲ್ಲ ಬಿಚ್ಚಿ ಹೇಳಬೇಕಾಗಿತ್ತೇ ಎಂದು ಕೇಳಿದರಂತೆ. ಹುಲ್ಲು ಸತ್ತದ್ದು ಎಲ್ಲರ ಕಣ್ಣೆದುರಿಗೆ ತಾನೇ ಎಂದರಂತೆ ಇವರು.

ಅಕ್ಟೋಬರ್ 21, ಬೆಳಗ್ಗೆ

ಮತ್ತೆ ಅದೇ. ಮೆತ್ತನೆಯ ನೆಲ, ರಾತ್ರಿಯಿಡೀ ಹಿಮ. ಹಾಲು ಕರೆಯುತ್ತಿದ್ದಾಗ ಹಾಲ್ವೋರನ ಫೋನು. ಡಾಗ್ರುನ್ ಯಾವಾಗ ಬರುತ್ತಾರೆ ಎಂದು ನನ್ನನ್ನು ಕೇಳುತ್ತಾನೆ, ತಾನೇ ಅವರಿಗೆ ಫೋನು ಮಾಡಿ ಆಗಿದೆ ಎಂದು ನನಗೆ ಗೊತ್ತಿಲ್ಲವೇನೋ ಎಂಬಂತೆ.

ಅಕ್ಟೋಬರ್ 22, ಮಧ್ಯಾಹ್ನ

ಡಾಗ್ರುನ್ ಬಂದಿದ್ದಾರೆ. ಊರಿನ ಅರ್ಧ ಜನ ಹಾಲ್ವೋರನ ಹೊಲದ ಅಂಚಿನಲ್ಲಿ. ನಾನು ವಾಫಲ್ ಹುಯ್ದಿಲ್ಲ, ಸುಮ್ಮನೆ ಬಂದಿದ್ದಾರೆ. ಈ ಸಲ ಏನು ಮಾಡಬೇಕು ಎಂದು ಕೇಳಿದರು. ಡಾಗ್ರುನ್ ತಮಗೆ ತಿಳಿದದ್ದನ್ನೂ ತಿಳಿಯದ್ದನ್ನೂ ಬೇರೆ ಬೇರೆ ಮಾಡಿ ಹೇಳಿದರು. ತಿಳಿಯದ್ದೇ ಉದ್ದವಾಗಿತ್ತು. ಯಾರೂ ಅಲ್ಲಿಂದ ಕದಲಲಿಲ್ಲ.

ಹಾಲ್ವೋರ್ ಕೋಲು ನೆಡುತ್ತಿದ್ದಾನೆ. ಒಂದು ಭಾಗ ತುಳಿಸಲು, ಒಂದು ಭಾಗ ಹಾಗೇ ಬಿಡಲು. ಮಳೆ ಬಂದರೂ, ಬರದಿದ್ದರೂ ವಸಂತದಲ್ಲಿ ಏನೋ ಒಂದು ಉಳಿದಿರುತ್ತದೆ, ಏನೋ ಒಂದು ಗೊತ್ತಾಗಿರುತ್ತದೆ. ಹೊಸ ಹುಲ್ಲು, ಒಂದು ಬೇಸಿಗೆಯದ್ದು. ಪ್ರಯೋಗಕ್ಕೆ ಕೊಡುತ್ತಿದ್ದಾನೆ. ಕೊಡು ಎಂದು ಯಾರೂ ಕೇಳಿರಲಿಲ್ಲ. ಡಾಗ್ರುನ್ ಅಂತೂ ಬೇಡವೆಂದೇ ಹೇಳಿದ್ದರು.

ಬೂಷ್ಟಿಗೆ ಬಿಡುವುದು ಯಾವ ಕಡೆಯದು ಎಂದು ಅವರು ಕೇಳಿದರು. ಮೂಲೆಯ ಜೊಂಡು ತೋರಿಸುತ್ತಾನೆ ಎಂದುಕೊಂಡೆ.

"ಮನೆ ಕಡೇದು. ಒಳ್ಳೇ ಹುಲ್ಲು ಅಲ್ಲೇ ಇರೋದು. ಚಳಿಗಾಲ ಪೂರ್ತಿ ದುಡಿಯುತ್ತೆ ಅಂತೀಯ, ಅದಕ್ಕೂ ಹೊಟ್ಟೆ ಇಲ್ವಾ?"

ಡಾಗ್ರುನ್ ಕೈಗವಸು ತೆಗೆದು, ಹಾಕಿಕೊಂಡು, ಮತ್ತೆ ತೆಗೆದರು. ಯಾವತ್ತೂ ಮಾತಿಗೆ ತಡವರಿಸದ ಹೆಂಗಸು. ಇದನ್ನು ಬರೆದಿಡಬೇಕು ಎಂದೇ ಮನೆಗೆ ಓಡಿ ಬಂದೆ, ಬೂಟು ಕೂಡ ಬಿಚ್ಚಿಲ್ಲ. ತೋರ್ಲೈಫ್ ಹೊರಗೆ ಕೂಗುತ್ತಿದ್ದಾನೆ, ಹಗ್ಗದ ಆ ತುದಿ ಹಿಡಿಯಲು ಒಬ್ಬರು ಕಡಿಮೆಯಂತೆ, ಬೆಳಕು ಹೋಗುವುದರೊಳಗೆ ಗೆರೆ ಹಾಕಬೇಕಂತೆ, ನಾನು ಹೊರಟೆ.